ಕಾಫಿ ಬಣ್ಣದ ಮೂತ್ರ, ಇಳಿದು ಏರುವ ಜ್ವರ: ಇಂಜೆಕ್ಷನ್‌ಗೆ ಮೊದಲು ರಕ್ತ ನೋಡಿಸಿ

ಪ್ರಶ್ನೆ: ನಮ್ಮದು ಸೋಮವಾರಪೇಟೆ ಹತ್ತಿರ ಸಣ್ಣ ಕಾಫಿ ತೋಟ. ಮನೆಯಲ್ಲಿ ಒಂದು ಮಲೆನಾಡು ಗಿಡ್ಡ, ಒಂದು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್) ಮಿಶ್ರತಳಿ ಹಸು ಇದ್ದವು. ಏಪ್ರಿಲ್‌ನಲ್ಲಿ ಬಯಲುಸೀಮೆಯಿಂದ ಇನ್ನೊಂದು ಎಚ್‌ಎಫ್ ತಂದೆವು. ತಂದು 20 ದಿನಕ್ಕೆ ಅದಕ್ಕೆ ಜ್ವರ ಬಂತು. ಇಂಜೆಕ್ಷನ್ ಹಾಕಿಸಿದರೆ ಇಳಿಯುತ್ತಿತ್ತು, ಎರಡು ದಿನಕ್ಕೆ ಮತ್ತೆ ಏರುತ್ತಿತ್ತು. 8ನೇ ದಿನ ರಕ್ತ ಪರೀಕ್ಷೆಯಲ್ಲಿ ಥೈಲೇರಿಯಾ ಎಂದು ಗೊತ್ತಾಯಿತು. ದುಬಾರಿ ಔಷಧ ಕೊಡಿಸಿದರೂ ಹಸು ಉಳಿಯಲಿಲ್ಲ. ಈಗ ಮನೆಯ ಹಳೇ ಎಚ್‌ಎಫ್‌ಗೆ ಜ್ವರ, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ಬಂದಿದೆ. ಮೈಮೇಲೆ ಹೆಚ್ಚು ಉಣ್ಣೆ ಕಾಣುವುದಿಲ್ಲ. ಗಿಡ್ಡ ಹಸುವಿಗೆ ಮಾತ್ರ ಏನೂ ಆಗಿಲ್ಲ. ಯಾಕೆ ಹೀಗೆ? ಅದೇ ಔಷಧ ಇದಕ್ಕೂ ಕೊಡಿಸಬಹುದೇ? ಹಾಲು ಕುಡಿಯಬಹುದೇ?

ಉತ್ತರ: ನಿಮ್ಮ ಪತ್ರ ಓದುವಾಗ ನನ್ನ ಕಣ್ಣು ನಿಂತದ್ದು ಈಗಿನ ಹಸುವಿನ ಮೂತ್ರದ ಬಣ್ಣದ ಮೇಲೆ. ನೀವು ಇದನ್ನು ಓದುವ ಹೊತ್ತಿಗೂ ಆ ಬಣ್ಣ ಹಾಗೆಯೇ ಇದ್ದರೆ ಮುಂದಿನದ್ದನ್ನು ಆಮೇಲೆ ಓದಿ, ಮೊದಲು ಪಶು ಆಸ್ಪತ್ರೆಗೆ ಫೋನ್ ಮಾಡಿ. ಆಸ್ಪತ್ರೆ ದೂರವಿದ್ದರೆ 1962ಕ್ಕೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನ ಬರುತ್ತದೆ. ಜ್ವರದ ಜೊತೆ ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ರಕ್ತದ ಕೆಂಪು ಕಣಗಳು ಒಡೆದು ಮೂತ್ರದಲ್ಲಿ ಹೋಗುತ್ತಿವೆ ಎಂದರ್ಥ. ನಾಳೆ ನೋಡೋಣ ಎನ್ನುವ ಕಾಯಿಲೆ ಇದಲ್ಲ. ಹಸುವನ್ನು ಬಿಸಿಲಿಗೆ ಕಟ್ಟಬೇಡಿ, ಗುಡ್ಡ ಹತ್ತಿಸಬೇಡಿ, ಬಾಯಿ ಎತ್ತಿ ಹಿಡಿದು ಗೊಟ್ಟದಲ್ಲಿ ಕಷಾಯ ಹುಯ್ಯಬೇಡಿ. ರಕ್ತ ಇಷ್ಟು ಕಡಿಮೆಯಾದ ಹಸು ನಾಲ್ಕು ಹೆಜ್ಜೆ ಓಡಿಸಿದರೂ ಕುಸಿದು ಬೀಳುತ್ತದೆ.

ಅದೇ ಔಷಧ ಇದಕ್ಕೂ ಕೊಡಿಸಬಹುದೇ ಎಂದು ಕೇಳಿದ್ದೀರಿ. ರಕ್ತ ನೋಡದೆ ಕೊಡಿಸಬೇಡಿ. ಸತ್ತ ಹಸುವಿಗೆ ಇದ್ದದ್ದು ಥೈಲೇರಿಯಾ. ಈಗಿನದರ ಲಕ್ಷಣ ಬೆಬೀಸಿಯಾ ಎನ್ನುತ್ತಿದೆ. ಎರಡೂ ರಕ್ತಕಣದೊಳಗೆ ಬೆಳೆಯುವ ಸೂಕ್ಷ್ಮ ಪರಾವಲಂಬಿಗಳು, ಎರಡೂ ಉಣ್ಣೆಯಿಂದಲೇ ಬರುತ್ತವೆ, ಎರಡರಲ್ಲೂ ಜ್ವರ ಇರುತ್ತದೆ, ಎರಡರಲ್ಲೂ ಹಸು ಬಿಳಿಚಿಕೊಳ್ಳುತ್ತದೆ. ಆದರೆ ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಥೈಲೇರಿಯಾಕ್ಕೆ ಬ್ಯೂಪಾರ್ವಕ್ವೋನ್, ಬೆಬೀಸಿಯಾಕ್ಕೆ ಡಿಮಿನಾಜಿನ್. ಇದೇ ಗುಂಪಿಗೆ ಸೇರಿಸಿ ಹೇಳುವ ಮೂರನೆಯದು ಅನಾಪ್ಲಾಸ್ಮಾ. ಅದು ಬ್ಯಾಕ್ಟೀರಿಯಾ ಜಾತಿಯದು, ಹಾಗಾಗಿ ಅದಕ್ಕೆ ಆಕ್ಸಿಟೆಟ್ರಾಸೈಕ್ಲಿನ್ ಕೆಲಸ ಮಾಡುತ್ತದೆ. ಒಂದೇ ಹಸುವಿನಲ್ಲಿ ಎರಡು ಒಟ್ಟಿಗೆ ಇರುವುದೂ ಅಪರೂಪವಲ್ಲ. ಹೊರಗಿನ ಲಕ್ಷಣ ನೋಡಿ ಊಹಿಸಬಹುದು, ಆದರೆ ತೀರ್ಮಾನ ಹೇಳುವುದು ರಕ್ತ.

ರಕ್ತ ನೋಡುವುದು ಎಂದರೆ ದೊಡ್ಡ ಲ್ಯಾಬ್ ಬೇಕು ಎಂದು ಬಹಳ ಜನ ತಿಳಿದಿದ್ದಾರೆ. ಬೇಕಾದದ್ದು ಒಂದು ಸೂಜಿ, ಎರಡು ಗಾಜಿನ ಸ್ಲೈಡ್, ಎರಡು ನಿಮಿಷ. ಕಿವಿಯ ತುದಿಯಲ್ಲಿ ಕೂದಲು ಕತ್ತರಿಸಿ, ಸ್ಪಿರಿಟ್‌ನಿಂದ ಒರೆಸಿ, ಆರಿದ ಮೇಲೆ ಸಣ್ಣ ರಕ್ತನಾಳಕ್ಕೆ ಚುಚ್ಚಿದರೆ ಒಂದು ಹನಿ ಬರುತ್ತದೆ. ಆ ಹನಿಯನ್ನು ಒಂದು ಸ್ಲೈಡಿನ ಅಂಚಿಗೆ ಹಾಕಿ, ಇನ್ನೊಂದು ಸ್ಲೈಡನ್ನು ಓರೆಯಾಗಿ ಹಿಡಿದು ಒಂದೇ ಎಳೆತದಲ್ಲಿ ತಳ್ಳಿದರೆ ನಾಲಿಗೆಯ ಆಕಾರದ ತೆಳು ಪದರ ಸಿಗುತ್ತದೆ. ನಮ್ಮ ಕಡೆ ತೊಂದರೆ ಇರುವುದು ಒಣಗಿಸುವುದರಲ್ಲಿ. ಕಕ್ಕಡದ ಮಳೆಯಲ್ಲಿ ಸ್ಲೈಡ್ ತಾನಾಗಿ ಒಣಗಲಿ ಎಂದು ಬಿಟ್ಟರೆ ಕಣಗಳು ಮುದುಡಿ ಏನೂ ಕಾಣದಂತಾಗುತ್ತದೆ. ಎಳೆದ ಕೂಡಲೇ ಕೈಯಲ್ಲಿ ಹಿಡಿದು ಗಾಳಿಗೆ ಬೀಸಬೇಕು. ಕಿಟಕಿಯಲ್ಲಿಟ್ಟರೆ ನೊಣ, ಜಿರಳೆ ಬಂದು ರಕ್ತವನ್ನು ನೆಕ್ಕಿ ಹೋಗುತ್ತವೆ. ಬೆಳಗ್ಗೆ ಎದ್ದು ನೋಡಿದರೆ ಸ್ಲೈಡಿನಲ್ಲಿ ಬರೀ ಗಾಜು ಉಳಿದಿದ್ದ ದಿನಗಳು ನನ್ನ ಸೇವೆಯಲ್ಲಿ ಹಲವು. ಒಣಗಿದ ಮೇಲೆ ಕಾಗದದಲ್ಲಿ ಸುತ್ತಿ, ಹಸುವಿನ ಗುರುತು, ತಾರೀಖು ಬರೆದು ಕಳಿಸಿದರೆ ಸಾಕು. ಜೀಮ್ಸಾ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಬೆಬೀಸಿಯಾ ಕೆಂಪು ಕಣದೊಳಗೆ ಎರಡು ಪೇರಳೆ ಹಣ್ಣನ್ನು ತೊಟ್ಟಿನ ಕಡೆ ಜೋಡಿಸಿಟ್ಟ ಹಾಗೆ ಕಾಣುತ್ತದೆ. ಅನಾಪ್ಲಾಸ್ಮಾ ಕಣದ ಅಂಚಿನಲ್ಲಿ ಒಂದು ಚುಕ್ಕೆ. ಥೈಲೇರಿಯಾ ಸಣ್ಣ ಉಂಗುರ, ಇಲ್ಲವೇ ಕಡ್ಡಿ. ಒಮ್ಮೆ ನೋಡಿದವರು ಮರೆಯುವುದಿಲ್ಲ.

ಮುಖ್ಯವಾದದ್ದು ಕ್ರಮ. ಸ್ಲೈಡ್ ಮೊದಲು, ಇಂಜೆಕ್ಷನ್ ಆಮೇಲೆ. ಔಷಧ ಒಳಗೆ ಹೋದ ಮೇಲೆ ತೆಗೆದ ರಕ್ತದಲ್ಲಿ ರೋಗಾಣು ಕಡಿಮೆಯಾಗಿ ಫಲಿತಾಂಶವೇ ದಾರಿ ತಪ್ಪಿಸಬಹುದು. ಹಸುವಿನ ಸ್ಥಿತಿ ಕೆಟ್ಟಿದ್ದರೆ ವೈದ್ಯರು ಸ್ಲೈಡ್ ತೆಗೆದಿಟ್ಟುಕೊಂಡು ಆಗಲೇ ಚಿಕಿತ್ಸೆ ಶುರು ಮಾಡುತ್ತಾರೆ, ಮಾಡಬೇಕು ಕೂಡ. ನೀವು ಕೇಳಬೇಕಾದ ಮಾತು ಇಷ್ಟೇ: "ಸಾರ್, ಇಂಜೆಕ್ಷನ್‌ಗೆ ಮುಂಚೆ ಒಂದು ರಕ್ತದ ಸ್ಲೈಡ್ ತೆಗೆಯಿರಿ." ಬೆಬೀಸಿಯಾ ಆಗಿದ್ದು, ಬೇಗ ಹಿಡಿದಿದ್ದರೆ ಡಿಮಿನಾಜಿನ್ ಕೊಟ್ಟ ಮಾರನೆಯ ದಿನ ಜ್ವರ ಇಳಿಯುತ್ತದೆ, ಒಂದೆರಡು ದಿನದಲ್ಲಿ ಮೂತ್ರ ತಿಳಿಯಾಗುತ್ತದೆ.

ಕೆಂಪು ಮೂತ್ರವೆಲ್ಲ ಬೆಬೀಸಿಯಾ ಅಲ್ಲ ಎನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಈ ವಿಷಯದಲ್ಲಿ ನಾನೇ ಒಮ್ಮೆ ಎಡವಿದ್ದೇನೆ. ಸೇವೆಗೆ ಸೇರಿದ ಹೊಸದರಲ್ಲಿ, ಗುಡ್ಡದ ಓರೆಯಲ್ಲಿ ಮೇಯುವ ಒಂದು ಹಸುವಿಗೆ ಕೆಂಪು ಮೂತ್ರ ನೋಡಿ ಎರಡು ಸಲ ಡಿಮಿನಾಜಿನ್ ಕೊಟ್ಟೆ. ಜ್ವರ ಇರಲಿಲ್ಲ. ಅದನ್ನು ನಾನು ಗಮನಿಸಬೇಕಿತ್ತು. ಕೆಲವು ತಿಂಗಳು ಸೊರಗಿ ಹಸು ಸತ್ತಿತು. ಕೊಯ್ದು ನೋಡಿದಾಗ ಮೂತ್ರಕೋಶದ ಒಳಗೋಡೆಯಲ್ಲಿ ಹೂಕೋಸಿನಂಥ ಗೆಡ್ಡೆಗಳಿದ್ದವು. ಗುಡ್ಡದಲ್ಲಿ ಬೆಳೆಯುವ ಬ್ರಾಕನ್ ಎಂಬ ಜರಿಗಿಡವನ್ನು ವರ್ಷಗಟ್ಟಲೆ ತಿಂದ ದನಗಳಿಗೆ ಬರುವ ಕಾಯಿಲೆ ಅದು. ಇದು ನಾವು ಪಲ್ಯ ಮಾಡುವ ತೆರ್ಮೆ ಸೊಪ್ಪಲ್ಲ, ಬೇರೆ ಜಾತಿ. ವ್ಯತ್ಯಾಸ ತಿಳಿಯಲು ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯಿದೆ. ಮೂತ್ರವನ್ನು ಬಿಳಿ ಗಾಜಿನ ಬಾಟಲಿಯಲ್ಲಿ ಹಿಡಿದು ಒಂದೆರಡು ಗಂಟೆ ಅಲುಗಿಸದೆ ಇಡಿ. ಜರಿಗಿಡದ ಕಾಯಿಲೆಯಲ್ಲಿ ಇಡೀ ರಕ್ತಕಣಗಳೇ ಬರುವುದರಿಂದ ಕೆಂಪು ತಳಕ್ಕೆ ಕೂತು ಮೇಲೆ ತಿಳಿಯಾಗುತ್ತದೆ, ಕೆಲವೊಮ್ಮೆ ಹೆಪ್ಪುಗಳೂ ಇರುತ್ತವೆ. ಬೆಬೀಸಿಯಾದಲ್ಲಿ ಕಣ ಒಡೆದು ಬಣ್ಣ ಮಾತ್ರ ಬರುವುದರಿಂದ ಬಾಟಲಿ ಮೇಲಿಂದ ಕೆಳಗಿನವರೆಗೆ ಒಂದೇ ಬಣ್ಣ. ಕರು ಹಾಕಿ ಎರಡರಿಂದ ನಾಲ್ಕು ವಾರವಾದ, ಹೆಚ್ಚು ಹಾಲು ಕೊಡುವ ಹಸುವಿಗೆ ಜ್ವರವಿಲ್ಲದೆ ಹೀಗೆ ಒಂದೇ ಬಣ್ಣದ ಕಪ್ಪುಗೆಂಪು ಮೂತ್ರ ಬಂದರೆ ರಂಜಕದ ಕೊರತೆಯನ್ನು ಯೋಚಿಸಬೇಕು. ಆದ್ದರಿಂದ ಥರ್ಮಾಮೀಟರ್ ಒಂದು ಮನೆಯಲ್ಲಿರಲಿ. ಹಸುವಿನ ಸಹಜ ಉಷ್ಣತೆ 101.5 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸು. ಈ ಉಣ್ಣೆ ರೋಗಗಳಲ್ಲಿ 104ರಿಂದ 107ರವರೆಗೂ ಹೋಗುತ್ತದೆ.

ಇನ್ನು ಸತ್ತ ಹಸುವಿನ ವಿಷಯ. ಎಂಟು ದಿನ ಏನಾಯಿತು ಎಂದು ನಿಮಗೆ ಅರ್ಥವಾಗಬೇಕು, ಇಲ್ಲದಿದ್ದರೆ ದುಬಾರಿ ಔಷಧ ಸುಳ್ಳು ಎನ್ನುವ ಅಭಿಪ್ರಾಯ ಉಳಿದುಬಿಡುತ್ತದೆ. ಥೈಲೇರಿಯಾ ಮೊದಲು ಸೇರುವುದು ಬಿಳಿ ರಕ್ತಕಣಗಳಿಗೆ. ಅಲ್ಲಿ ಬೆಳೆಯುವಾಗ ಭುಜದ ಮುಂದಿನ, ತೊಡೆಯ ಮುಂದಿನ, ಕಿವಿಯ ಕೆಳಗಿನ ದುಗ್ಧರಸ ಗ್ರಂಥಿಗಳು ಊದುತ್ತವೆ. ಭುಜದ ಮುಂದೆ ಬೆರಳು ಚಾಚಿ ಒತ್ತಿ ಸವರಿದರೆ ಚರ್ಮದ ಕೆಳಗೆ ಕಿತ್ತಳೆ ಹಣ್ಣಿನಂಥ ಗಂಟು ಜಾರುತ್ತದೆ. ಕಣ್ಣಿಗೆ ಕಾಣದಿದ್ದರೂ ಕೈಗೆ ಸಿಗುತ್ತದೆ. ಎರಡನೇ ಹಂತದಲ್ಲಿ ರೋಗಾಣು ಕೆಂಪು ಕಣಕ್ಕೆ ದಾಟುತ್ತದೆ, ಆಗ ರಕ್ತಹೀನತೆ, ಕಾಮಾಲೆ, ಉಬ್ಬಸ, ಕೆಲವಕ್ಕೆ ಭೇದಿ. ಜ್ವರದ ಮದ್ದು ಜ್ವರವನ್ನಷ್ಟೇ ಒಂದು ದಿನ ಇಳಿಸುತ್ತದೆ, ಒಳಗಿನ ರೋಗಾಣುವನ್ನು ಮುಟ್ಟುವುದಿಲ್ಲ. ಸಾಮಾನ್ಯ ಆ್ಯಂಟಿಬಯಾಟಿಕ್ ಕೂಡ ಅಷ್ಟೆ. ಜ್ವರ ಇಳಿದು ಎರಡು ದಿನಕ್ಕೆ ಏರಿತು ಎಂದಿದ್ದೀರಲ್ಲ, ಆ ಮೊದಲ ಸಲವೇ ರಕ್ತ ನೋಡಿಸಬೇಕಿತ್ತು. ಗಂಟು ಊದಿದ್ದರೆ ಆ ಗಂಟಿನಿಂದಲೇ ಸೂಜಿಯಲ್ಲಿ ಸ್ವಲ್ಪ ದ್ರವ ತೆಗೆದು ನೋಡಿದರೆ ರಕ್ತದಲ್ಲಿ ಕಾಣುವ ಮೊದಲೇ ರೋಗ ಗೊತ್ತಾಗುತ್ತದೆ. 8ನೇ ದಿನ ಕೊಟ್ಟ ಬ್ಯೂಪಾರ್ವಕ್ವೋನ್ ರೋಗಾಣುವನ್ನು ಕೊಂದಿರಬಹುದು, ಕಳೆದುಹೋದ ರಕ್ತವನ್ನು ಅದು ತಂದುಕೊಡಲಾರದು.

ಆ ಔಷಧದ ಪ್ರಮಾಣದಲ್ಲೂ ಒಂದು ತಪ್ಪು ಮತ್ತೆ ಮತ್ತೆ ನಡೆಯುತ್ತದೆ. ಪ್ರತಿ 20 ಕಿಲೋ ತೂಕಕ್ಕೆ 1 ಮಿ.ಲೀ. ಲೆಕ್ಕ, ಕುತ್ತಿಗೆಯ ಸ್ನಾಯುವಿಗೆ ಆಳವಾಗಿ, ಒಂದೇ ಜಾಗಕ್ಕೆ 10 ಮಿ.ಲೀ. ಮೀರದಂತೆ. ಬೆಲೆ ಹೆಚ್ಚಾದ್ದರಿಂದ ತೂಕವನ್ನು ಕಡಿಮೆ ಅಂದಾಜು ಮಾಡುವ ಆಸೆ ಎಲ್ಲರಿಗೂ. ಟೈಲರ್ ಟೇಪಿನಲ್ಲಿ ಮುಂಗಾಲಿನ ಹಿಂದೆ ಎದೆಯ ಸುತ್ತಳತೆ, ಭುಜದಿಂದ ಪೃಷ್ಠದ ಎಲುಬಿನವರೆಗೆ ಉದ್ದ, ಎರಡನ್ನೂ ಅಂಗುಲದಲ್ಲಿ ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಕಿಲೋ ಸಿಗುತ್ತದೆ. ಸುತ್ತಳತೆ 66, ಉದ್ದ 56 ಇದ್ದರೆ ಸುಮಾರು 370 ಕಿಲೋ. ಬೇಕಾದ ಔಷಧ 18.5 ಮಿ.ಲೀ., ಅಂದರೆ ಎರಡು ಕಡೆ ಹಂಚಿ ಕೊಡಬೇಕು. ಕಣ್ಣಂದಾಜಿನಲ್ಲಿ 300 ಕಿಲೋ ಎಂದು 15 ಮಿ.ಲೀ. ಕೊಟ್ಟರೆ ಕೊಟ್ಟದ್ದೂ ದಂಡ, ಹಸುವೂ ದಂಡ.

ರಕ್ತ ತೀರಾ ಇಳಿದಾಗ ಹಸುವಿನಿಂದ ಹಸುವಿಗೆ ರಕ್ತ ಕೊಡುವ ದಾರಿಯೂ ಇದೆ. ಆರೋಗ್ಯವಂತ ದೊಡ್ಡ ಹಸುವಿನಿಂದ ಮೂರು ನಾಲ್ಕು ಲೀಟರ್ ತೆಗೆದು, ಹೆಪ್ಪುಗಟ್ಟದಂತೆ ಸೋಡಿಯಂ ಸಿಟ್ರೇಟ್ ಸೇರಿಸಿ ನಿಧಾನವಾಗಿ ಹನಿಸುತ್ತಾರೆ. ದನಗಳಲ್ಲಿ ಮೊದಲ ಸಲದ ರಕ್ತದಾನ ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಕೊಡುವ ಹಸುವಿನ ರಕ್ತದಲ್ಲಿ ಇದೇ ರೋಗಾಣು ಇಲ್ಲ ಎಂದು ಮೊದಲು ಖಚಿತಪಡಿಸಿಕೊಳ್ಳಬೇಕು. ಕೊಟ್ಟಿಗೆಯಲ್ಲೇ ಮಾಡಬಹುದಾದ ಕೆಲಸ ಇದು, ನಿಮ್ಮ ವೈದ್ಯರನ್ನು ಕೇಳಲು ಸಂಕೋಚ ಬೇಡ.

ಗಿಡ್ಡ ಹಸುವಿಗೆ ಯಾಕೆ ಏನೂ ಆಗಲಿಲ್ಲ? ಇದೇ ಪ್ರಶ್ನೆ ನೂರಕ್ಕೂ ಹೆಚ್ಚು ವರ್ಷದ ಹಿಂದೆ ಅಮೆರಿಕದ ದನಗಾಹಿಗಳನ್ನೂ ಕಾಡಿತ್ತು. ದಕ್ಷಿಣದ ಟೆಕ್ಸಾಸ್ ಕಡೆಯಿಂದ ಹೊಡೆದುಕೊಂಡು ಬಂದ ದನಗಳು ಗಟ್ಟಿಮುಟ್ಟಾಗಿರುತ್ತಿದ್ದವು, ಅವು ನಡೆದುಹೋದ ದಾರಿಯಲ್ಲಿ ಮೇಯ್ದ ಉತ್ತರದ ದನಗಳು ಕೆಂಪು ಮೂತ್ರ ಹೊಯ್ದು ಸಾಯುತ್ತಿದ್ದವು. ಥಿಯೋಬಾಲ್ಡ್ ಸ್ಮಿತ್ ಮತ್ತು ಕಿಲ್ಬೋರ್ನ್ 1893ರಲ್ಲಿ ಇದರ ಗುಟ್ಟು ಬಿಡಿಸಿದರು. ದಕ್ಷಿಣದ ದನಗಳ ಮೈಯಿಂದ ಉದುರಿದ ಉಣ್ಣೆ ಇಟ್ಟ ಮೊಟ್ಟೆಯಿಂದ ಬಂದ ಮರಿಗಳು ಉತ್ತರದ ದನಗಳಿಗೆ ರೋಗ ಅಂಟಿಸುತ್ತಿದ್ದವು. ಕೀಟದಂಥ ಜೀವಿಯೊಂದು ರೋಗ ಹರಡುತ್ತದೆ ಎಂದು ಜಗತ್ತಿಗೆ ಗಟ್ಟಿಯಾಗಿ ತೋರಿಸಿಕೊಟ್ಟ ಮೊದಲ ಕೆಲಸಗಳಲ್ಲಿ ಅದೂ ಒಂದು. ನಿಮ್ಮ ಕೊಟ್ಟಿಗೆಯಲ್ಲಿ ಗಿಡ್ಡ ಹಸು ಆ ಟೆಕ್ಸಾಸ್ ದನದ ಸ್ಥಾನದಲ್ಲಿದೆ. ಕರುವಾಗಿನಿಂದ ಉಣ್ಣೆ ಕಚ್ಚಿಸಿಕೊಂಡು, ಎಳೆ ವಯಸ್ಸಿನಲ್ಲೇ ಸೋಂಕು ತಗುಲಿ ಗೆದ್ದು, ಅಲ್ಪಸ್ವಲ್ಪ ರೋಗಾಣುವನ್ನು ರಕ್ತದಲ್ಲಿ ಇಟ್ಟುಕೊಂಡೇ ಅದು ಚೆನ್ನಾಗಿರಬಲ್ಲದು. ನಾಟಿ ತಳಿಯ ಚರ್ಮಕ್ಕೆ ಉಣ್ಣೆಯೂ ಅಷ್ಟಾಗಿ ಹತ್ತುವುದಿಲ್ಲ. ಬಯಲುಸೀಮೆಯ ಸಿಮೆಂಟ್ ಕೊಟ್ಟಿಗೆಯಿಂದ ಬಂದ ಎಚ್‌ಎಫ್‌ಗೆ ಈ ಯಾವ ರಕ್ಷಣೆಯೂ ಇರಲಿಲ್ಲ. ತಂದ 20 ದಿನಕ್ಕೆ ಜ್ವರ ಬಂದದ್ದು ನೋಡಿದರೆ ಸೋಂಕು ನಿಮ್ಮ ಕೊಟ್ಟಿಗೆಯಲ್ಲೇ ತಗುಲಿದ್ದು ಎನ್ನುವುದು ನನ್ನ ಎಣಿಕೆ.

ಗಂಟು ಊದದೆ ಬರುವ ಥೈಲೇರಿಯಾವೂ ಇದೆ. ಓರಿಯೆಂಟಾಲಿಸ್ ಎನ್ನುವ ಆ ಜಾತಿಯನ್ನು ಬಹುಕಾಲ ನಿರುಪದ್ರವಿ ಎಂದೇ ನಂಬಿದ್ದೆವು. ನಮ್ಮ ಗಡಿಗೆ ಅಂಟಿದ ವಯನಾಡಿನಲ್ಲಿ ದೊಡ್ಡ ಮಿಶ್ರತಳಿ ಹಸುಗಳನ್ನೇ ಅದು ಬಲಿ ತೆಗೆದುಕೊಂಡದ್ದನ್ನು ಅಲ್ಲಿನ ವಿಜ್ಞಾನಿಗಳು 2011ರಲ್ಲಿ ವರದಿ ಮಾಡಿದ ಮೇಲೆ ನಾವೂ ಎಚ್ಚರವಾಗಬೇಕಾಯಿತು. ಹವೆ ಒಂದೇ, ಕಾಡು ಒಂದೇ, ತೋಟವೂ ಒಂದೇ ಬಗೆಯದು. ಕರು ಹಾಕಿದ ಹಸು ಕಾರಣವಿಲ್ಲದೆ ಬಿಳಿಚಿಕೊಂಡು ಹಾಲು ಇಳಿಸಿದರೆ, ಗಂಟು ಇಲ್ಲವೆಂದು ಸುಮ್ಮನಾಗದೆ ರಕ್ತ ನೋಡಿಸಿ.

ಮೈಮೇಲೆ ಉಣ್ಣೆ ಕಾಣುವುದಿಲ್ಲ ಎಂದಿರಿ. ಬೆನ್ನು ನೋಡಿ ಹೇಳಿರುತ್ತೀರಿ. ಉಣ್ಣೆ, ನಿಮ್ಮ ಕಡೆ ಉಣುಗು ಎಂದೂ ಕರೆಯುತ್ತಾರೆ, ಇರುವುದು ಕಿವಿಯ ಒಳಮಡಿಕೆಯಲ್ಲಿ, ಬಾಲದ ಬುಡದ ಕೆಳಗೆ, ಕೆಚ್ಚಲು ತೊಡೆಗೆ ತಾಗುವ ಸಂದಿಯಲ್ಲಿ, ಗಂಗೆದೊಗಲಿನ ಮಡಿಕೆಯಲ್ಲಿ. ಮರಿ ಉಣ್ಣೆ ರಾಗಿ ಕಾಳಿಗಿಂತ ಸಣ್ಣದು, ಕಣ್ಣಿಗಿಂತ ಬೆರಳೇ ಚೆನ್ನಾಗಿ ಹುಡುಕುತ್ತದೆ. ಬೆಬೀಸಿಯಾ ಹರಡುವ ಉಣ್ಣೆ ಮರಿಯಿಂದ ದೊಡ್ಡದಾಗುವವರೆಗೆ ಸುಮಾರು ಮೂರು ವಾರ ಒಂದೇ ಹಸುವಿನ ಮೇಲಿರುತ್ತದೆ. ಹೊಟ್ಟೆ ತುಂಬಿದ ಹೆಣ್ಣು ಉದುರಿ ಎರಡು ಮೂರು ಸಾವಿರ ಮೊಟ್ಟೆ ಇಡುತ್ತದೆ, ತಾಯಿಯ ಮೈಯಲ್ಲಿದ್ದ ರೋಗಾಣು ಮೊಟ್ಟೆಗೂ ದಾಟುತ್ತದೆ. ಥೈಲೇರಿಯಾ ಹರಡುವ ಹಯಲೋಮಾ ಜಾತಿಯ ರೀತಿ ಬೇರೆ. ಅದು ರಕ್ತ ಹೀರಿ ಇಳಿದು, ಗೋಡೆಯ ಬಿರುಕಿನಲ್ಲಿ ಪೊರೆ ಕಳಚಿ, ಮತ್ತೆ ಇನ್ನೊಂದು ಹಸುವನ್ನು ಹತ್ತುತ್ತದೆ. ಹಸುವಿಗೆ ಜ್ವರ ಕಾಣಿಸುವ ಹೊತ್ತಿಗೆ ಕಚ್ಚಿದ ಉಣ್ಣೆ ಇಳಿದುಹೋಗಿ ವಾರಗಳೇ ಆಗಿರಬಹುದು. ಆದರೆ ಅದು ಅಂಟಿಕೊಂಡ ಕೂಡಲೇ ರೋಗ ದಾಟುವುದಿಲ್ಲ. ಜೊಲ್ಲಿನಲ್ಲಿ ಥೈಲೇರಿಯಾ ಬಲಿಯಲು ಎರಡು ಮೂರು ದಿನ ಬೇಕು. ಹಾಲು ಕರೆಯುವಾಗ ದಿನಾ ಐದು ನಿಮಿಷ ಕೈಯಾಡಿಸಿ ಕಿತ್ತು ಸೀಮೆಎಣ್ಣೆ ಡಬ್ಬಿಗೆ ಹಾಕುವ ಹಳೇ ಅಭ್ಯಾಸ ಅದಕ್ಕೇ ಅಷ್ಟು ಬೆಲೆಯುಳ್ಳದ್ದು. ಉಗುರಿನಲ್ಲಿ ಹಿಸುಕಬೇಡಿ, ನೆಲಕ್ಕೆ ಎಸೆಯಬೇಡಿ.

ಹಾಗಾಗಿ ಸ್ಪ್ರೇ ಹಸುವಿಗೆ ಎಷ್ಟು ಮುಖ್ಯವೋ ಕೊಟ್ಟಿಗೆಗೂ ಅಷ್ಟೇ ಮುಖ್ಯ. ಮಣ್ಣಿನ ಗೋಡೆ, ಹಳೇ ಮರದ ಕಂಬ, ಗೋದಲಿಯ ಸಂದು, ಇವೇ ಉಣ್ಣೆಯ ಮನೆ. ಹೂಮಳೆ ಬೀಳುವ ಮೊದಲು, ಫೆಬ್ರವರಿ ಮಾರ್ಚ್ ಹೊತ್ತಿಗೆ ಬಿರುಕು ಮುಚ್ಚಿ, ಸುಣ್ಣ ಬಳಿಸಿ, ಮೂಲೆಗಳಿಗೆ ಔಷಧ ಹೊಡೆಯಿರಿ. ಈಗಲೂ ಮಳೆ ಬಿಡುವು ಕೊಟ್ಟ ದಿನ ಮಾಡಬಹುದು. ದನಗಳ ಕಾಲಡಿಗೆ ಕಾಡಿನಿಂದ ದರಗು ತಂದು ಹಾಸುವುದನ್ನು ಈ ವರ್ಷ ನಿಲ್ಲಿಸಿ, ಒಣಹುಲ್ಲು ಹಾಸಿ. ದರಗಿನ ಜೊತೆ ಉಣ್ಣೆ ಮರಿಯೂ ಬರುತ್ತದೆ, ಉಣ್ಣೆಯಿಂದಲೇ ಹರಡುವ ಮಂಗನ ಕಾಯಿಲೆ ಇರುವ ಕಾಡಾದರೆ ಮನುಷ್ಯರಿಗೇ ಅಪಾಯ.

ಹಸುವಿನ ಮೈಗೆ ಡೆಲ್ಟಾಮೆಥ್ರಿನ್ 1.25 ಶೇಕಡಾ ದ್ರಾವಣ ಲೀಟರ್ ನೀರಿಗೆ 2 ಮಿ.ಲೀ., ಅಥವಾ ಅಮಿಟ್ರಾಜ್ 12.5 ಶೇಕಡಾ ಲೀಟರ್‌ಗೆ 2 ಮಿ.ಲೀ. ಒಂದು ದೊಡ್ಡ ಹಸುವಿಗೆ ಎರಡು ಮೂರು ಲೀಟರ್ ದ್ರಾವಣ ಬೇಕು, ಬೆನ್ನ ಮೇಲೆ ಮಾತ್ರ ಹೊಡೆದರೆ ಉಪಯೋಗವಿಲ್ಲ. ಹಸುವಿಗೆ ಮೊದಲು ನೀರು ಕುಡಿಸಿ, ಮೈ ನೆಕ್ಕದಂತೆ ಕಟ್ಟಿ, ಮಳೆಯಿಲ್ಲದ ತಂಪು ಹೊತ್ತಿನಲ್ಲಿ ಬಯಲಲ್ಲಿ ಹೊಡೆಯಿರಿ. ಮೂರು ವಾರದ ಚಕ್ರವನ್ನು ಮುರಿಯಲು 15ರಿಂದ 20 ದಿನಕ್ಕೆ ಮತ್ತೊಮ್ಮೆ. ಕೊಟ್ಟಿಗೆಯ ಎಲ್ಲ ದನಕ್ಕೂ ಒಂದೇ ದಿನ, ಗಿಡ್ಡ ಹಸುವನ್ನು ಬಿಡದೆ. ಅಳತೆ ತಪ್ಪಿಸಿ ತೆಳ್ಳಗೆ ಹೊಡೆಯುತ್ತಾ ಬಂದುದರಿಂದ ದೇಶದ ಹಲವೆಡೆ ಉಣ್ಣೆಗಳು ಡೆಲ್ಟಾಮೆಥ್ರಿನ್‌ಗೆ ಜಗ್ಗುವುದಿಲ್ಲ. ಹೊಡೆದ ಎರಡು ದಿನಕ್ಕೂ ಉಣ್ಣೆ ಜೀವಂತ ಇದ್ದರೆ ಪ್ರಮಾಣ ಹೆಚ್ಚಿಸಬೇಡಿ, ವೈದ್ಯರನ್ನು ಕೇಳಿ ಔಷಧ ಬದಲಿಸಿ. ತೊಳೆದ ನೀರು ತೋಡಿಗೆ, ಮೀನಿನ ಕೆರೆಗೆ ಹೋಗದಿರಲಿ. ಜೇನು ಪೆಟ್ಟಿಗೆ ಇಟ್ಟಿದ್ದರೆ ಅದರ ಹತ್ತಿರ ಹೊಡೆಯಲೇಬೇಡಿ. ಡೆಲ್ಟಾಮೆಥ್ರಿನ್ ಮೀನಿಗೂ ಜೇನಿಗೂ ವಿಷ. ಬೇವಿನೆಣ್ಣೆ ಸ್ವಲ್ಪ ಮಟ್ಟಿಗೆ ಉಣ್ಣೆಯನ್ನು ದೂರ ಇಡುತ್ತದೆ, ನಮ್ಮ ಮಳೆಯಲ್ಲಿ ಅದನ್ನೊಂದನ್ನೇ ನಂಬಿಕೊಳ್ಳಲಾಗದು. ಅಂಗಳದಲ್ಲಿ ನಾಟಿ ಕೋಳಿ ಬಿಟ್ಟರೆ ಅವು ಉಣ್ಣೆ ಹೆಕ್ಕಿ ತಿನ್ನುತ್ತವೆ, ಅದೂ ಒಂದು ಕೈ.

ಅನಾಪ್ಲಾಸ್ಮಾ ಸೂಜಿಯಿಂದಲೂ, ಕಚ್ಚುವ ದೊಡ್ಡ ನೊಣಗಳಿಂದಲೂ ಹರಡುತ್ತದೆ. ಯಾರೇ ಬಂದು ಇಂಜೆಕ್ಷನ್ ಕೊಡಲಿ, ಲಸಿಕೆ ಹಾಕಲಿ, ಪ್ರತಿ ದನಕ್ಕೂ ಹೊಸ ಸೂಜಿ ಕೇಳಿ.

ಹಾಲಿನ ಬಗ್ಗೆ ಹೆದರಬೇಡಿ, ಈ ರೋಗಾಣುಗಳು ಹಾಲಿನಿಂದ ಮನುಷ್ಯರಿಗೆ ಬರುವುದಿಲ್ಲ. ಆದರೆ ಚಿಕಿತ್ಸೆ ಪಡೆದ ಹಸುವಿನ ಹಾಲಿನಲ್ಲಿ ಔಷಧದ ಅಂಶವಿರುತ್ತದೆ. ಬಾಟಲಿಯ ಮೇಲೆ ಬರೆದಷ್ಟು ದಿನ ಆ ಹಾಲನ್ನು ಮನೆಗೂ ಬಳಸಬೇಡಿ, ಡೇರಿಯ ಕ್ಯಾನಿಗೂ ಹಾಕಬೇಡಿ.

ಥೈಲೇರಿಯಾಕ್ಕೆ ರಕ್ಷಾವ್ಯಾಕ್-ಟಿ ಎಂಬ ಲಸಿಕೆಯಿದೆ. ಅದು ಗಂಟು ಊದಿಸುವ ಆನುಲೇಟಾ ಜಾತಿಗೆ ಮಾತ್ರ. ಗಬ್ಬದ ಹಸುವಿಗೆ ಹಾಕುವುದಿಲ್ಲ. ದ್ರವ ಸಾರಜನಕದಲ್ಲಿ ಇಟ್ಟು ತರಬೇಕಾದ್ದರಿಂದ ಒಂದೆರಡು ಹಸುವಿಗೆ ತರಿಸುವುದು ಕಷ್ಟ. ಹಾಲಿನ ಸಂಘದಲ್ಲಿ ಹತ್ತು ಮನೆಯವರು ಸೇರಿ ಕೇಳಿದರೆ ಪಶು ಆಸ್ಪತ್ರೆಯವರಿಗೂ ತರಿಸಲು ಅನುಕೂಲ. ಇನ್ನು ಮುಂದೆ ಹಸು ತರುವಾಗ ಅದು ಇರುವ ಊರಿನಲ್ಲೇ ಲಸಿಕೆ ಹಾಕಿಸಿ ತಿಂಗಳು ಬಿಟ್ಟು ತನ್ನಿ. ತಂದ ಮೇಲೆ ಮೂರು ನಾಲ್ಕು ವಾರ ಬೇರೆ ಕಟ್ಟಿ, ದಿನಾ ಬೆಳಗ್ಗೆ ಜ್ವರ ನೋಡಿ ಬರೆದಿಡಿ.

ಈಗಿನ ಹಸುವಿಗೆ ವೈದ್ಯರು ಬಂದಾಗ ಗಿಡ್ಡ ಹಸುವಿನ ಕಿವಿಯಿಂದಲೂ ಒಂದು ಸ್ಲೈಡ್ ತೆಗೆಸಿ, ಸಾಧ್ಯವಾದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಟ್ಯೂಬಿನಲ್ಲಿ ಮೂರು ಮಿ.ಲೀ. ರಕ್ತವನ್ನೂ ಕಳಿಸಿ. ಅದರಲ್ಲಿ ಏನಿದೆ ಎಂದು ತಿಳಿದ ಮೇಲೆ ನಿಮ್ಮ ಕೊಟ್ಟಿಗೆಯಲ್ಲಿ ಓಡಾಡುತ್ತಿರುವುದು ಯಾವ ರೋಗಾಣು ಎಂದು ಗೊತ್ತಾಗುತ್ತದೆ. ಫಲಿತಾಂಶ ಬಂದ ಕೂಡಲೇ ನನಗೂ ಬರೆಯಿರಿ.